ಪೊರೆ ತೆಗೆದ ಹಾಗಲ್ಲ, ಪರದೆಯ ಕಾಯಿಲೆ

ಪುಟ್ಟ,

ಡಾಕ್ಟರು ಹೇಳಿದ್ದನ್ನೆಲ್ಲ ನಿನ್ನ ಹೆಂಡತಿ ಫೋನಿನಲ್ಲಿ ಒಪ್ಪಿಸಿದಳು. ಎರಡೂ ಕಣ್ಣಿನ ಪರದೆಗೆ, ಅಂದರೆ ರೆಟಿನಾಕ್ಕೆ, ಶುಗರ್ ತಗಲಿದೆ, ಎಡಗಣ್ಣಿನ ನಡುವೆ ಊತ ಇದೆ, ಅದಕ್ಕೆ ಚುಚ್ಚುಮದ್ದು, ಬಲಗಣ್ಣಿಗೆ ಲೇಸರ್. ಇದೆಲ್ಲಕ್ಕಿಂತ ನಿನಗೆ ಹೆಚ್ಚು ನಾಟಿರುವುದು ಅವರು ಕೊನೆಯಲ್ಲಿ ಹೇಳಿದ ಮಾತು ಅಂತ ಕಾಣುತ್ತದೆ: ಹೋಗಿರುವುದು ಎಷ್ಟು ವಾಪಸು ಬರುತ್ತದೋ ಹೇಳಲಾಗದು, ಇರುವುದನ್ನು ಉಳಿಸಿಕೊಳ್ಳೋಣ. "ಬರೀ ಉಳಿಸಿಕೊಳ್ಳೋದಕ್ಕೆ ಇಷ್ಟು ದುಡ್ಡು ಸುರೀಬೇಕಾ" ಅಂದೆಯಂತೆ. ಆ ಒಂದು ಪ್ರಶ್ನೆಗಾಗಿಯೇ ಈ ಕಾಗದ. ನನ್ನ ಕಣ್ಣಿಗೂ ಇದೇ ಕಾಯಿಲೆ ಅಂತ ನಿನಗೆ ಗೊತ್ತು. ಈಗ ಒಂದು ಕಣ್ಣಿಗೆ ಬೆಳಕು ಮಾತ್ರ ತಿಳಿಯುತ್ತದೆ, ಇನ್ನೊಂದರಲ್ಲಿ ದಪ್ಪ ಅಕ್ಷರ ಓದುತ್ತೇನೆ. ಇದನ್ನು ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಅದು ಫೋನಿನದ್ದು, ನಿನ್ನ ಟೀಚರತ್ತೆಯದ್ದಲ್ಲ.

ನಮ್ಮ ಜನಕ್ಕೆ ಕಣ್ಣಿನ ಚಿಕಿತ್ಸೆ ಅಂದರೆ ಪೊರೆಯ ಆಪರೇಷನ್. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ, ಸ್ಕೂಲು ಛತ್ರಗಳಲ್ಲಿ ಒಂದೇ ದಿನ ನೂರಾರು ಜನರ ಪೊರೆ ತೆಗೆಯುತ್ತಿದ್ದ ಕಾಲವನ್ನು ನಮ್ಮ ತಲೆಮಾರಿನವರು ಇನ್ನೂ ಮರೆತಿಲ್ಲ. ಪಟ್ಟಿ ಬಿಚ್ಚಿದರು, ಮೊಮ್ಮಗನ ಮುಖ ಕಂಡಿತು. ಒಂದು ಸಲ ಮಾಡಿದರೆ ಮುಗಿಯಿತು. ಆ ಪುಣ್ಯಾತ್ಮರ ಕೆಲಸ ದೊಡ್ಡದು. ಆದರೆ ಅದೇ ನೆನಪು ಪರದೆಯ ಕಾಯಿಲೆ ಬಂದವರಿಗೆ ಅಡ್ಡ ಬರುತ್ತದೆ. ಮೂರು ಚುಚ್ಚುಮದ್ದು ಆದರೂ ಪೇಪರು ಓದಲಾಗುತ್ತಿಲ್ಲ, ಈ ಡಾಕ್ಟರು ಸರಿಯಿಲ್ಲ ಅಂತ ಬಿಟ್ಟವರು ನಮ್ಮ ಬೀದಿಯಲ್ಲೇ ಇದ್ದಾರೆ. ಪೊರೆ ಅಂದರೆ ಮುಂದಿನ ಲೆನ್ಸು ಮಬ್ಬಾಗುವುದು. ಅದನ್ನು ತೆಗೆದು ಹೊಸದು ಹಾಕುತ್ತಾರೆ. ಪರದೆ ಹಾಗಲ್ಲ. ಅದು ನರಗಳ ಹಾಸು, ಮೆದುಳಿನದೇ ಒಂದು ತುಣುಕು. ಅದನ್ನು ತೆಗೆದು ಬೇರೆ ಹಾಕುವ ವಿದ್ಯೆ ಇನ್ನೂ ಬಂದಿಲ್ಲ.

ಇಲ್ಲೇ ಇನ್ನೊಂದು ಮಾತು. ನೀನು ಧೈರ್ಯಕ್ಕೆ ಅಂತ ಹೇಳಿಕೊಂಡೆಯಂತೆ, ಪುನೀತ್ ಕಣ್ಣು ನಾಲ್ಕು ಜನಕ್ಕೆ ಬೆಳಕು ಕೊಟ್ಟಿತು, ನನಗೂ ಯಾರದಾದರೂ ಹಾಕಬಹುದು ಅಂತ. 2021ರಲ್ಲಿ ಪುನೀತ್ ಕಣ್ಣು, ಅದಕ್ಕೆ ಮೊದಲು 2006ರಲ್ಲಿ ಅವರ ತಂದೆ ರಾಜಕುಮಾರರ ಕಣ್ಣು ದಾನವಾಯಿತು, ನಿಜ. ಆದರೆ ದಾನದಲ್ಲಿ ಬಳಕೆಯಾಗುವುದು ಕಾರ್ನಿಯಾ, ಕರಿಗುಡ್ಡೆಯ ಮುಂದಿರುವ ಗಾಜಿನಂಥ ಪದರ. ಹಿಂದಿನ ಪರದೆ ಕೆಟ್ಟವರಿಗೆ ಅದರಿಂದ ಉಪಯೋಗವಿಲ್ಲ. ಕಣ್ಣುದಾನಕ್ಕೆ ಹೆಸರು ಬರೆಸು, ನಾನೂ ಬರೆಸಿದ್ದೇನೆ. ಪರದೆ ಕೆಟ್ಟಿದ್ದರೂ ನಮ್ಮ ಕಾರ್ನಿಯಾ ಇನ್ನೊಬ್ಬರಿಗೆ ಆಗುತ್ತದೆ. ಆದರೆ ಅದನ್ನು ನಿನ್ನ ಚಿಕಿತ್ಸೆ ಅಂದುಕೊಂಡು ಕಾಯುತ್ತಾ ಕೂರಬೇಡ.

ಆಗುತ್ತಿರುವುದು ಏನು ಅಂತ ತಿಳಿದರೆ ಭಯ ಅರ್ಧ ಇಳಿಯುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಪರದೆಯ ಕೂದಲೆಳೆಯಂಥ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಅವು ಸೋರುತ್ತವೆ. ಸೋರಿದ್ದು ಪರದೆಯ ನಟ್ಟನಡುವೆ, ಅಕ್ಷರ ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಇರುವ ಮ್ಯಾಕ್ಯುಲಾ ಅನ್ನುವ ಜಾಗದಲ್ಲಿ ನಿಂತರೆ ಅದೇ ನಿನ್ನ ಎಡಗಣ್ಣಿನ ಊತ. ನಿಮ್ಮಪ್ಪನ ಹಳೇ ಮನೆಯ ಬಚ್ಚಲುಗೋಡೆ ನೆನಪಿದೆಯಲ್ಲ, ಒಳಗೆ ಪೈಪು ಸೋರಿ ಸುಣ್ಣ ಉಬ್ಬಿಕೊಳ್ಳುತ್ತಿತ್ತು. ಬೇಗ ಒಣಗಿಸಿದರೆ ಗೋಡೆ ಉಳಿಯುತ್ತಿತ್ತು, ಬಹಳ ದಿನ ಬಿಟ್ಟರೆ ಒಣಗಿದ ಮೇಲೂ ಗಾರೆ ಉದುರುತ್ತಿತ್ತು. ಚುಚ್ಚುಮದ್ದಿನ ಲೆಕ್ಕವೂ ಹಾಗೇ. ಊತ ಇಳಿಯುತ್ತದೆ, ಆದರೆ ಎಷ್ಟು ದಿನ ನೆನೆದಿತ್ತು ಅನ್ನುವುದರ ಮೇಲೆ ದೃಷ್ಟಿ ಎಷ್ಟು ಬರುತ್ತದೆ ಅನ್ನುವುದು ನಿಂತಿದೆ. ಆದ್ದರಿಂದಲೇ ಈಗಿನ ಚುಚ್ಚುಮದ್ದನ್ನು ದಸರಾ ಮುಗಿಯಲಿ, ಮಗಳ ಪರೀಕ್ಷೆ ಮುಗಿಯಲಿ ಅಂತ ಮುಂದೂಡಬೇಡ.

ಬಲಗಣ್ಣಿನದು ಬೇರೆ ಹಂತ. ಅಲ್ಲಿ ಕೆಲವು ನಾಳಗಳು ಮುಚ್ಚಿಹೋಗಿ ಪರದೆಗೆ ಆಮ್ಲಜನಕ ಸಾಲುತ್ತಿಲ್ಲ. ಸಾಲದ ಜಾಗದಿಂದ ವಿಇಜಿಎಫ್ ಎಂಬ ಪದಾರ್ಥ ಹೊರಡುತ್ತದೆ, ಹೊಸ ನಾಳ ಬೆಳೆಸು ಅಂತ ದೇಹಕ್ಕೆ ಅದು ಕೊಡುವ ಕರೆ. ಹುಟ್ಟುವ ನಾಳಗಳು ಕೈಲಾಗದವು, ಮುಟ್ಟಿದರೆ ರಕ್ತ. ಒಂದು ದಿನ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಕಪ್ಪು ಎಳೆಗಳು, ಮಸಿ ಚೆಲ್ಲಿದ ಹಾಗೆ ಚುಕ್ಕಿಗಳು ತೇಲಿದರೆ ಅಥವಾ ಪಕ್ಕದಲ್ಲಿ ಮಿಂಚು ಹೊಡೆದು ತೆರೆ ಎಳೆದಂತೆ ಕತ್ತಲಾದರೆ ನಾಳೆ ನೋಡೋಣ ಅನ್ನಬೇಡ, ಅದೇ ದಿನ ಹೋಗು.

ವಿಇಜಿಎಫ್ ಅನ್ನು 1989ರಲ್ಲಿ ನಪೊಲಿಯೋನ್ ಫೆರಾರಾ ಎಂಬ ವಿಜ್ಞಾನಿ ಬೇರ್ಪಡಿಸಿ ತೋರಿಸಿದರು. ಅದನ್ನು ತಡೆಯುವ ಔಷಧಿ ಮೊದಲು ಬಂದದ್ದು ಕರುಳಿನ ಕ್ಯಾನ್ಸರಿಗೆ, ಯಾಕೆಂದರೆ ಗಡ್ಡೆಗೂ ಬೆಳೆಯಲು ಹೊಸ ರಕ್ತನಾಳ ಬೇಕು. ನಿನ್ನ ಹೆಂಡತಿ ಮೊಬೈಲಿನಲ್ಲಿ ನೋಡಿ "ಅತ್ತೇ, ಇದು ಕ್ಯಾನ್ಸರ್ ಔಷಧಿಯಂತೆ" ಅಂತ ಅತ್ತದ್ದು ಬೆವಸಿಜುಮ್ಯಾಬ್ ವಿಷಯಕ್ಕೆ. ಹೆದರಬೇಡಿ. ಕಣ್ಣಿಗೆ ಹಾಕುವುದು ಅದರ ಅತಿ ಸಣ್ಣ ಪಾಲು. ದೊಡ್ಡ ಸೀಸೆಯನ್ನು ಹಲವರಿಗೆ ಹಂಚುವುದರಿಂದಲೇ ಅದು ಅಗ್ಗ. ಹಾಗೆ ಹಂಚುವಾಗ ಶುಚಿ ಬಿಗಿಯಾಗಿರಬೇಕು, ಆದ್ದರಿಂದ ಒಳ್ಳೆಯ ಆಸ್ಪತ್ರೆಯಲ್ಲೇ ಹಾಕಿಸಿಕೊ. ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಕಣ್ಣಿಗೆಂದೇ ಬಂದ ಔಷಧಿಗಳು, ಬೆಲೆ ಹೆಚ್ಚು. ರಾನಿಬಿಜುಮ್ಯಾಬಿಗೆ ಸಮಾನವಾದ ಬಯೋಸಿಮಿಲರ್ 2015ರಲ್ಲಿ ನಮ್ಮ ದೇಶದಲ್ಲೇ ಬಂದ ಮೇಲೆ ಸ್ವಲ್ಪ ಉಸಿರಾಡುವಂತಾಗಿದೆ. ಅದೇ ವರ್ಷ ಅಮೆರಿಕದಲ್ಲಿ ಬೆವಸಿಜುಮ್ಯಾಬ್, ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಮೂರನ್ನೂ ಹೋಲಿಸಿದ ಅಧ್ಯಯನ ಬಂತು. ದೃಷ್ಟಿ ಇನ್ನೂ ಸುಮಾರಾಗಿ ಚೆನ್ನಾಗಿದ್ದವರಿಗೆ ಮೂರೂ ಒಂದೇ ಫಲ ಕೊಟ್ಟವು. ಹೆಚ್ಚು ಇಳಿದಿದ್ದವರಿಗೆ ಮೊದಲ ವರ್ಷ ಅಫ್ಲಿಬರ್ಸೆಪ್ಟ್ ಮೇಲಾಯಿತು. ನಾನು ಯಾವ ಗುಂಪಿನಲ್ಲಿದ್ದೇನೆ ಅಂತ ಡಾಕ್ಟರನ್ನು ಕೇಳು. ದುಬಾರಿಯದ್ದೇ ಒಳ್ಳೆಯದು ಅಂತ ಸಾಲ ಮಾಡಬೇಡ, ಅಗ್ಗದ್ದು ಅಂತ ಮೂಗು ಮುರಿಯಲೂ ಬೇಡ.

ದುಡ್ಡಿನ ಮಾತು ಬಂತಲ್ಲ. ನಿನ್ನ ಆರೋಗ್ಯ ವಿಮೆಯ ಕಾಗದ ತೆಗೆದು ನೋಡು. ಕಣ್ಣಿನೊಳಗಿನ ಚುಚ್ಚುಮದ್ದು ವಿಮೆಗೆ ಬರುವುದಿಲ್ಲ ಅಂತ ಮೊದಲೆಲ್ಲ ಹೇಳಿಬಿಡುತ್ತಿದ್ದರು. ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ವಿಮಾ ನಿಯಂತ್ರಕರು 2019ರಲ್ಲಿ ಇದನ್ನೂ ಸೇರಿಸಿದರು. ಇಷ್ಟೇ ಮೊತ್ತ ಅಂತ ಮಿತಿ ಹಾಕಿರುತ್ತಾರೆ, ಅದನ್ನು ಮೊದಲೇ ಕೇಳಿಕೊ.

ಚುಚ್ಚುಮದ್ದು ಅಂದರೆ ಎಲ್ಲರ ಎದೆಯೂ ಧಸಕ್ಕೆನ್ನುತ್ತದೆ. ನಿಜವಾಗಿ ಆಗುವುದು ಹೀಗೆ. ಮರಗಟ್ಟುವ ಡ್ರಾಪ್ಸ್ ಹಾಕುತ್ತಾರೆ, ಕಂದು ಬಣ್ಣದ ಅಯೋಡಿನ್ ದ್ರವದಲ್ಲಿ ತೊಳೆಯುತ್ತಾರೆ (ಉರಿಯುವುದು ಸೂಜಿಗಿಂತ ಇದೇ), ರೆಪ್ಪೆ ಮುಚ್ಚದಂತೆ ಕ್ಲಿಪ್ಪು ಇಡುತ್ತಾರೆ, ಬಿಳಿಗುಡ್ಡೆಯಲ್ಲಿ ಒಂದು ಒತ್ತಿದ ಅನುಭವ, ಮುಗಿಯಿತು. ಸೂಜಿ ಎದುರಿನಿಂದ ಬರುವುದಿಲ್ಲ, ಪಕ್ಕದಿಂದ. ನಿನಗೆ ಅದು ಕಾಣುವುದೇ ಇಲ್ಲ. ಮಾರನೆಯ ದಿನ ಬಿಳಿಯಲ್ಲಿ ರಕ್ತದ ಕಲೆ ಕಂಡರೆ ಅದು ತಾನಾಗಿ ಹೋಗುತ್ತದೆ. ಗುಳ್ಳೆ ತೇಲಿದಂತೆ ಕಂಡರೂ ಒಂದೆರಡು ದಿನ. ಆದರೆ ನೋವು ಹೆಚ್ಚುತ್ತಾ, ಕೆಂಪು ಹೆಚ್ಚುತ್ತಾ, ದೃಷ್ಟಿ ಇಳಿಯುತ್ತಾ ಹೋದರೆ ಅದು ಸೋಂಕು. ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ಭಾನುವಾರವಾಗಲಿ ರಾತ್ರಿಯಾಗಲಿ ಓಡು. ಹೃದಯಕ್ಕೆ ನುಂಗುವ ಆಸ್ಪಿರಿನ್ ಅನ್ನು ಕಣ್ಣಲ್ಲಿ ರಕ್ತ ಬರುತ್ತದೆ ಅಂತ ನೀನೇ ನಿಲ್ಲಿಸಬೇಡ. ಅದರಿಂದ ಪರದೆಯ ರಕ್ತಸ್ರಾವ ಹೆಚ್ಚುವುದಿಲ್ಲ ಅಂತ ದೊಡ್ಡ ಅಧ್ಯಯನದಲ್ಲೇ ನೋಡಿದ್ದಾರೆ. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಆಗಿದ್ದರೆ ಮಾತ್ರ ಚುಚ್ಚುವ ಮೊದಲೇ ಹೇಳಬೇಕು.

ಎಷ್ಟು ಸಲ ಅಂತ ಕೇಳುತ್ತೀಯ. ಮೊದಲ ವರ್ಷ ಎಂಟೊಂಬತ್ತು ಬೇಕಾಗುವುದು ಸಾಮಾನ್ಯ. ಎರಡನೆಯ ವರ್ಷ ಎರಡು ಮೂರಕ್ಕೆ ಇಳಿಯಬಹುದು, ಆಮೇಲೆ ಇನ್ನೂ ಕಡಿಮೆ. ಮೊದಲ ವರ್ಷದ ದಿಣ್ಣೆ ಹತ್ತಿದವರಿಗೆ ಆಚೆ ಅಷ್ಟು ಕಷ್ಟವಿಲ್ಲ. ಬಿಟ್ಟುಹೋಗುವವರೆಲ್ಲ ಆ ದಿಣ್ಣೆಯ ನಡುವೆಯೇ ಬಿಡುವುದು. ಸ್ಕ್ಯಾನು ಮಾಡಿದಾಗ, ಓಸಿಟಿ ಅನ್ನುತ್ತಾರೆ, ಊತ ಎಷ್ಟು ಮೈಕ್ರಾನ್ ಅಂತ ಒಂದು ಸಂಖ್ಯೆ ಕೊಡುತ್ತಾರೆ. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಕಿನ ಸಮೇತ ಬರೆದಿಡು. ಕಣ್ಣಿಗೆ ಬದಲಾವಣೆ ತಿಳಿಯದಿದ್ದಾಗಲೂ ಸಂಖ್ಯೆ ಇಳಿಯುತ್ತಿರುವುದು ಕಾಣುತ್ತದೆ. ಗುಮಾಸ್ತನಾದ ನಿನಗೆ ಲೆಕ್ಕ ಇಡುವುದನ್ನು ನಾನು ಕಲಿಸಬೇಕೇ. ಕೈಗೆ ಬಣ್ಣ ಚುಚ್ಚಿ ಫೋಟೊ ತೆಗೆಯುವ ಪರೀಕ್ಷೆ ಮಾಡಿದರೆ ಮೂತ್ರ ಒಂದು ದಿನ ಕಡು ಹಳದಿ ಹೋಗುತ್ತದೆ, ಗಾಬರಿಯಾಗಬೇಡ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ದಿನ ಬೈಕು ಬೇಡವೇ ಬೇಡ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು.

ಇನ್ನು ಲೇಸರ್. ಇದರ ಕಥೆ ಹೇಳದೆ ಬಿಡಲಾರೆ, ಗ್ರಹಣದ ದಿನ ಸೂರ್ಯನನ್ನು ನೋಡಬೇಡಿ ಅಂತ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡವಳು ನಾನು. 1945ರ ಸೂರ್ಯಗ್ರಹಣವನ್ನು ಬರಿಗಣ್ಣಲ್ಲಿ ನೋಡಿ ಪರದೆ ಸುಟ್ಟುಕೊಂಡ ಒಬ್ಬ ವಿದ್ಯಾರ್ಥಿಯನ್ನು ಜರ್ಮನಿಯ ಮೇಯರ್-ಶ್ವಿಕೆರಾತ್ ಎಂಬ ಕಣ್ಣಿನ ವೈದ್ಯರು ಪರೀಕ್ಷಿಸಿದರು. ಬೆಳಕು ಪರದೆಯನ್ನು ಸುಡುವುದಾದರೆ ಬೇಕಾದ ಕಡೆ ಮಾತ್ರ ಸುಟ್ಟು ಕಾಯಿಲೆ ತಡೆಯಬಹುದಲ್ಲ ಅಂತ ಅವರಿಗೆ ಹೊಳೆಯಿತು. ಮೊದಮೊದಲು ಆಸ್ಪತ್ರೆಯ ಮಾಳಿಗೆಯಿಂದ ಕನ್ನಡಿಗಳಲ್ಲಿ ಬಿಸಿಲನ್ನೇ ಇಳಿಸಿ ರೋಗಿಯ ಕಣ್ಣಿಗೆ ಬಿಟ್ಟರು. ಮೋಡ ಬಂದರೆ ಚಿಕಿತ್ಸೆ ಇಲ್ಲ! ಆಮೇಲೆ ಸೆನಾನ್ ದೀಪ, ಅದಾದ ಮೇಲೆ ಲೇಸರ್. 1970ರ ದಶಕದ ಅಮೆರಿಕದ ಅಧ್ಯಯನದಲ್ಲಿ, ನಿನ್ನ ಬಲಗಣ್ಣಿನಂಥ ಕಣ್ಣುಗಳಿಗೆ ಲೇಸರ್ ಮಾಡಿದಾಗ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಕೆಳಗಿಳಿಯಿತು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಅಂಚನ್ನು ಸುಟ್ಟು ನಡುವನ್ನು ಉಳಿಸುವ ಉಪಾಯ ಇದು. ಪಕ್ಕದ ನೋಟ, ಕತ್ತಲ ನೋಟ ಸ್ವಲ್ಪ ತಗ್ಗುತ್ತದೆ. ಆದ್ದರಿಂದ ಸಂಜೆಯ ನಸುಗತ್ತಲಲ್ಲಿ ಬೈಕು ಓಡಿಸುವುದನ್ನು ಇವತ್ತಿನಿಂದಲೇ ನಿಲ್ಲಿಸು. ಎದುರು ಗಾಡಿಯ ಹೈಬೀಮಿಗೆ ನಿನ್ನ ಕಣ್ಣು ಮೊದಲಿನಂತೆ ಚೇತರಿಸಿಕೊಳ್ಳುವುದಿಲ್ಲ. ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳಬೇಡ, ಬಸ್ಸಿದೆ.

ರಕ್ತ ತುಂಬಿಯೋ ಪರದೆ ಎಳೆದುಕೊಂಡೋ ಆಪರೇಷನ್ ಬೇಕಾಗುವ ಹಂತ ನಿನಗೆ ಬರದಿರಲಿ. ಬಂದರೂ ದಾರಿ ಇದೆ. ಆಗ ಕಣ್ಣಿನೊಳಗೆ ಗ್ಯಾಸ್ ತುಂಬಿದರೆ ಅದು ಕರಗುವವರೆಗೆ ವಿಮಾನ ಹತ್ತಬಾರದು, ಊಟಿಯಂಥ ಎತ್ತರದ ಘಟ್ಟಕ್ಕೂ ಹೋಗಬಾರದು. ಮೇಲೆ ಹೋದಷ್ಟೂ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ.

ಶುಗರ್ ಬಗ್ಗೆ ನಿನಗೆ ಎಲ್ಲರೂ ಬೋಧನೆ ಮಾಡಿರುತ್ತಾರೆ, ನಾನು ಮೂರೇ ಮಾತು ಸೇರಿಸುತ್ತೇನೆ. ಬಿಪಿ ಕೂಡ ಅಷ್ಟೇ ಮುಖ್ಯ. 1998ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಸಕ್ಕರೆಯ ಜೊತೆ ರಕ್ತದೊತ್ತಡ ಹಿಡಿತದಲ್ಲಿದ್ದವರ ಕಣ್ಣು ಚೆನ್ನಾಗಿ ಉಳಿಯಿತು. ಎರಡನೆಯದು, ಕಣ್ಣಿನ ಸಣ್ಣ ನಾಳ ಕೆಟ್ಟಿದೆ ಅಂದರೆ ಕಿಡ್ನಿಯ ಸಣ್ಣ ನಾಳವನ್ನೂ ನೋಡಿಸಬೇಕು, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸು. ಮೂರನೆಯದು, ಭಯಕ್ಕೆ ಬಿದ್ದು ಒಂದೇ ತಿಂಗಳಲ್ಲಿ ಉಪವಾಸ ಮಾಡಿ ಸಕ್ಕರೆ ಧಡಕ್ಕನೆ ಇಳಿಸಲು ಹೋಗಬೇಡ. ಬಹಳ ಬೇಗ ಇಳಿಸಿದಾಗ ಪರದೆಯ ಕಾಯಿಲೆ ಮೊದಲು ಕೊಂಚ ಕೆರಳುವುದುಂಟು, ಡಾಕ್ಟರ ಕಣ್ಗಾವಲಿನಲ್ಲಿ ಇಳಿಸು.

ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಬಸ್ ಸ್ಟ್ಯಾಂಡಿನ ಡ್ರಾಪ್ಸ್ ತಂದುಕೊಡುವವರು ಈಗ ಮನೆಗೆ ಬರುತ್ತಾರೆ. ಹೂವನ್ನು ತಂಪಿಗೆ ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಕಣ್ಣಿನೊಳಗೆ ಮಾತ್ರ ಏನನ್ನೂ ಹಿಂಡಬೇಡ. ಕಾಯಿಲೆ ಇರುವುದು ಹಿಂದಿನ ಗೋಡೆಯಲ್ಲಿ, ಮುಂದೆ ಹಿಂಡಿದ ರಸ ಅಲ್ಲಿಗೆ ಹೋಗುವುದಿಲ್ಲ.

ಈಗ ನಾನು ಮುಖ್ಯ ಅಂದುಕೊಂಡ ಮಾತು. ಚಿಕಿತ್ಸೆ ಮುಗಿಯಲಿ, ಆಮೇಲೆ ಎಷ್ಟು ಕಾಣುತ್ತದೆ ನೋಡಿಕೊಂಡು ಬದುಕು ಹೊಂದಿಸೋಣ ಅಂತ ಕಾಯಬೇಡ. ಇದು ಮುಗಿಯುವ ಚಿಕಿತ್ಸೆಯಲ್ಲ. ಒಂದು ಕಡೆ ಚುಚ್ಚುಮದ್ದು ನಡೆಯುತ್ತಿರಲಿ, ಇನ್ನೊಂದು ಕಡೆ ಇರುವ ದೃಷ್ಟಿಯಲ್ಲಿ ಕೆಲಸ ಸಾಗಿಸುವುದನ್ನು ಈಗಲೇ ಕಲಿ, ಎಡಗಣ್ಣು ಇನ್ನೂ ಅರ್ಧ ಒಳ್ಳೆಯದಿರುವಾಗಲೇ.

ದಿನಾ ಬೆಳಿಗ್ಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಗೋಡೆಯ ಕ್ಯಾಲೆಂಡರಿನ ಮನೆಗಳನ್ನು ನೋಡು. ಗೆರೆ ಡೊಂಕಾದರೆ, ಒಂದು ಮನೆ ಅಳಿಸಿದಂತಾದರೆ ಫೋನು ಮಾಡಿ ಹೋಗು. ಎರಡೂ ಕಣ್ಣು ಬಿಟ್ಟು ನೋಡಿದರೆ ಒಳ್ಳೆಯದು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ.

ಅಡುಗೆಮನೆಯಲ್ಲಿ ನಾನು ಕಲಿತದ್ದು, ಅಕ್ಷರ ದೊಡ್ಡದಾಗುವುದಕ್ಕಿಂತ ಬಣ್ಣ ಬೇರೆಯಾಗುವುದು ಮುಖ್ಯ. ಬಿಳಿ ತಟ್ಟೆಯಲ್ಲಿ ಅನ್ನ ಕಾಣುವುದಿಲ್ಲ, ಬಾಳೆ ಎಲೆಯ ಮೇಲೆ ಪ್ರತಿ ಅಗುಳೂ ಕಾಣುತ್ತದೆ. ಹಾಲನ್ನು ಕಡು ಬಣ್ಣದ ಲೋಟಕ್ಕೆ ಬಗ್ಗಿಸು, ಡಿಕಾಕ್ಷನ್ನನ್ನು ಬಿಳಿ ಲೋಟಕ್ಕೆ. ಮೆಟ್ಟಿಲ ಅಂಚಿಗೆ ಹಳದಿ ಪೇಂಟು ಬಳಿಸು, ಗ್ಯಾಸ್ ಒಲೆಯ ಗುಂಡಿಯಲ್ಲಿ ಆರಿಸಿದ ಜಾಗಕ್ಕೆ ಉಬ್ಬಿದ ಸ್ಟಿಕ್ಕರು ಅಂಟಿಸು. ಓದುವಾಗ ದೀಪ ತಲೆಯ ಮೇಲಲ್ಲ, ಭುಜದ ಪಕ್ಕದಿಂದ ಕಾಗದದ ಮೇಲೆ ಬೀಳಬೇಕು. ಇನ್ಸುಲಿನ್ ಬಂದರೆ ಪೆನ್ ತೆಗೆದುಕೊ; ಒಂದೊಂದು ಯೂನಿಟ್ಟಿಗೂ ಟಿಕ್ ಅನ್ನುತ್ತದೆ, ಕಿವಿಯಲ್ಲೇ ಎಣಿಸಬಹುದು. ಸಿರಿಂಜಿನ ಗೆರೆ ನಂಬಿ ಕೂತರೆ ಅಪಾಯ.

ನೋಟಿನ ವಿಷಯಕ್ಕೆ ಬೇಜಾರಾಗುತ್ತದೆ, ಹೊಸ ನೋಟುಗಳ ಉದ್ದದಲ್ಲಿ ವ್ಯತ್ಯಾಸ ಬಹಳ ಕಡಿಮೆ. ನೂರರದು 142 ಮಿಲಿಮೀಟರು, ಇನ್ನೂರರದು 146, ಐನೂರರದು 150. ಎರಡೂ ಅಂಚಿನಲ್ಲಿ ಉಬ್ಬು ಗೆರೆ ಇವೆ: ನೂರಕ್ಕೆ ನಾಲ್ಕು, ಐನೂರಕ್ಕೆ ಐದು, ಇನ್ನೂರಕ್ಕೆ ನಾಲ್ಕು ಗೆರೆಯ ನಡುವೆ ಎರಡು ಸೊನ್ನೆ. ಹೊಸ ನೋಟಿನಲ್ಲಿ ಬೆರಳಿಗೆ ಸಿಗುತ್ತವೆ, ಸಂತೆಯಲ್ಲಿ ಓಡಾಡಿದ ನೋಟಿನಲ್ಲಿ ಸವೆದಿರುತ್ತವೆ. ರಿಸರ್ವ್ ಬ್ಯಾಂಕಿನ ಮಣಿ ಅನ್ನುವ ಆ್ಯಪ್ ಕ್ಯಾಮೆರಾದಲ್ಲಿ ನೋಟು ನೋಡಿ ಎಷ್ಟೆಂದು ಹೇಳುತ್ತದೆ. ನಾನು ಮಾತ್ರ ಮನೆಯಿಂದ ಹೊರಡುವಾಗಲೇ ಐನೂರನ್ನು ಉದ್ದಕ್ಕೆ ಮಡಚಿ, ನೂರನ್ನು ಅಡ್ಡಕ್ಕೆ ಮಡಚಿ ಇಡುತ್ತೇನೆ.

ಆಫೀಸಿನಲ್ಲಿ ಪಹಣಿಯ ಸಣ್ಣ ಅಕ್ಷರ ಓದಲಾಗುತ್ತಿಲ್ಲ ಅನ್ನುವುದನ್ನು ಮುಚ್ಚಿಡುತ್ತಿದ್ದೀಯಂತೆ. ಪಕ್ಕದವನು ಓದಿ ಹೇಳಿದ್ದನ್ನು ನಂಬಿ ಸಹಿ ಹಾಕಿದರೆ ನಾಳೆ ನೋಟಿಸು ಬರುವುದು ನಿನಗೆ. ಕಂಪ್ಯೂಟರಿನಲ್ಲೇ ಅಕ್ಷರ ಹಿಗ್ಗಿಸುವ ಮ್ಯಾಗ್ನಿಫೈಯರ್ ಇದೆ, ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಮಾಡಿಕೊಳ್ಳಬಹುದು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಕನ್ನಡದಲ್ಲೂ ಓದುತ್ತದೆ. ಸಾಹೇಬರಿಗೆ ನೀನೇ ಹೋಗಿ ಹೇಳು. ಕೆಲಸ ಹೋಗುತ್ತದೆ ಅನ್ನುವ ಭಯಕ್ಕೆ ಕಾನೂನಿನ ಉತ್ತರ ಇದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20(4)ನೆಯ ಕಲಮಿನ ಪ್ರಕಾರ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ಕೆಳಗಿನ ಹುದ್ದೆಗೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು.

ಜನರ ವಿಷಯ. ಬೀದಿಯಲ್ಲಿ ಎದುರಿಗೆ ಬಂದವರನ್ನು ಗುರುತಿಸದೆ ಹೋದರೆ "ಟೀಚರಿಗೆ ಪೆನ್ಷನ್ ಬಂದ ಮೇಲೆ ಸೊಕ್ಕು" ಅಂತ ನನ್ನನ್ನು ಆಡಿಕೊಂಡರು. ಈಗ ನಾನೇ ಮೊದಲು, "ಮುಖ ಕಾಣಲ್ಲ, ಹೆಸರು ಹೇಳ್ರಪ್ಪ" ಅನ್ನುತ್ತೇನೆ. ಗದುಗಿನ ಪುಟ್ಟರಾಜ ಗವಾಯಿಗಳ ಉದಾಹರಣೆ ಕೊಟ್ಟು ಹುರಿದುಂಬಿಸುವವರೂ ಸಿಗುತ್ತಾರೆ. ಆ ಮಹಾನುಭಾವರು ಎಳವೆಯಲ್ಲೇ ಕಣ್ಣು ಕಳೆದುಕೊಂಡು ಕಿವಿಯಲ್ಲೇ ಲೋಕ ಕಟ್ಟಿಕೊಂಡವರು. ನಲವತ್ತೈದು ದಾಟಿ ನೋಟ ತಗ್ಗಿದವರ ಪಾಡು ಬೇರೆ, ಇಲ್ಲಿ ಅಭ್ಯಾಸವನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕು. ಹಾರ್ಮೋನಿಯಂ ಕಲಿಯಲಿಲ್ಲ ಅಂತ ನೀನೇನೂ ನಾಚಬೇಕಿಲ್ಲ.

ಇನ್ನೊಂದು ಸಂಗತಿ ಯಾರೂ ಮೊದಲೇ ಹೇಳುವುದಿಲ್ಲ. ನೋಟ ಬಹಳ ತಗ್ಗಿದಾಗ ಇಲ್ಲದ್ದು ಕಾಣುವುದುಂಟು. ನನಗೆ ಬಿಳಿ ಗೋಡೆಯ ಮೇಲೆ ರಂಗೋಲಿ ಎಳೆಗಳು ಕಂಡವು, ಕೆಲವು ಸಂಜೆ ಸಾಲಾಗಿ ನಿಂತ ಸಣ್ಣ ಮಕ್ಕಳು. ಮಾತಾಡುವುದಿಲ್ಲ, ಸದ್ದಿಲ್ಲ. ಪಕ್ಕದ ಮನೆಯಾಕೆ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹಿಡಿದು ಬಂದಳು. ಡಾಕ್ಟರು ನಕ್ಕು, ಇದು ಚಾರ್ಲ್ಸ್ ಬೊನೆ ಸಿಂಡ್ರೋಮ್ ಅಂದರು. 1760ರಲ್ಲೇ ಆ ಹೆಸರಿನ ಸ್ವಿಸ್ ವಿದ್ವಾಂಸ ತನ್ನ ತಾತನಿಗೆ ಹೀಗೆ ಕಾಣುವುದನ್ನು ಬರೆದಿಟ್ಟಿದ್ದಾನೆ. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಹೆಣೆಯುತ್ತದೆ, ಅಷ್ಟೇ. ಹುಚ್ಚೂ ಅಲ್ಲ, ಗಾಳಿಯೂ ಅಲ್ಲ. ದೀಪ ಹಾಕಿ, ಕಣ್ಣನ್ನು ಅತ್ತಿತ್ತ ಆಡಿಸಿದರೆ ಎಷ್ಟೋ ಸಲ ಹೊರಟುಹೋಗುತ್ತದೆ. ನಿನಗೆ ಅಷ್ಟು ದೂರ ಬರದೆಯೂ ಇರಬಹುದು. ಬಂದರೆ ಒಬ್ಬನೇ ಹೆದರಿಕೊಂಡು ಕೂರಬೇಡ ಅಂತ ಹೇಳಿದೆ.

ಅಂಗವೈಕಲ್ಯದ ಪ್ರಮಾಣಪತ್ರದ ವಿಷಯ ನಿನ್ನ ಹೆಂಡತಿ ಕೇಳಿದಳು. ಸೌಲಭ್ಯಗಳಿಗೆಲ್ಲ ಅಂಗವೈಕಲ್ಯ ಶೇ. 40 ಇರಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೂ ಕೊಡುವುದು 30 ಮಾತ್ರ, ಒಳ್ಳೆಯ ಕಣ್ಣಿಗೆ ಕನ್ನಡಕ ಹಾಕಿಯೇ ಅಳೆಯುತ್ತಾರೆ. ಈಗಲೇ ನಿನಗೆ ಸಿಗಲಾರದು, ಸಿಗದಿರುವುದೇ ಒಳ್ಳೆಯದು. ಬೇಕಾದ ಕಾಲಕ್ಕೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವುದನ್ನು ನಿಮ್ಮ ತಾಲ್ಲೂಕಿನ ಎಂಆರ್‌ಡಬ್ಲ್ಯೂ, ಅಂದರೆ ಪುನರ್ವಸತಿ ಕಾರ್ಯಕರ್ತರು, ಹೇಳಿಕೊಡುತ್ತಾರೆ, ನಿಮ್ಮ ಕಚೇರಿಗೆ ಬಂದು ಹೋಗುವವರೇ ಇರಬೇಕು. ಇವತ್ತಿನ ಸ್ಕ್ಯಾನು, ದೃಷ್ಟಿಯ ಅಳತೆ, ಬಿಲ್ಲು ಎಲ್ಲವನ್ನೂ ಒಂದೇ ಫೈಲಿನಲ್ಲಿ ತಾರೀಕಿನ ಪ್ರಕಾರ ಇಟ್ಟುಕೊಂಡಿರು. ಸೋಮವಾರ ಚುಚ್ಚುಮದ್ದಿಗೆ ಬಂದಾಗ ಆ ಫೈಲು ತಾ. ಸ್ಕ್ಯಾನಿನ ಸಂಖ್ಯೆ ಎಷ್ಟಿದೆ ಅಂತ ನೀನೇ ನನಗೆ ಓದಿ ಹೇಳು.